ಎರಡು ಬೀಗದ ಶೌಚಾಲಯ

ಸರ್ಕಾರ ಒಂದೇ ಇದ್ದಾಗ ಕೆಲಸ ಒಂದು ಕಡೆ ನಿಲ್ಲುತ್ತಿತ್ತು. ಕಂಪನಿಯೂ ಜೊತೆಗೆ ಬಂದ ಮೇಲೆ ಎರಡು ಕಡೆ ನಿಲ್ಲತೊಡಗಿತು. ಕಡತದ ಮೇಲೆ ‘ಸರ್ಕಾರಿ-ಖಾಸಗಿ ಸಹಭಾಗಿತ್ವ’ ಅಂತ ದುಂಡಗೆ ಬರೆದವನು ನಾನೇ. ಈಗ ನಿವೃತ್ತ. ಏನು ಹೇಳಿದರೂ ನೋಟಿಸು ಕೊಡುವವರಿಲ್ಲ, ಅದೇ ನನ್ನ ಸಂತೋಷ. ಯಾವ ಇಲಾಖೆ ಅಂತ ಮಾತ್ರ ಕೇಳಬೇಡಿ. ಪಿಂಚಣಿ ಇನ್ನೂ ಬರುತ್ತಿದೆ.

೧. ಮೈಸೂರುಪಾಕು

ಬಳ್ಳಾರಿಯಲ್ಲಿ ಕುರುಗೋಡು ಬಸ್ಸು ನಿಲ್ಲುವ ಒಂದು ಕಡೆ, ಸಂಜೆಯಾದರೆ ಜೀನ್ಸ್ ಪ್ಯಾಂಟು ಹೊಲಿಯುವ ಹೆಣ್ಣುಮಕ್ಕಳದೇ ಸಾಲು. ಅವರಲ್ಲಿ ಕುರುಗೋಡಿನವಳೊಬ್ಬಳು ಅರ್ಜಿ ಹಿಡಿದು ನನ್ನ ಮೇಜಿಗೇ ಬಂದಳು.

“ಇಲ್ಲಿ ಹೆಂಗಸರಿಗೆ ಹೋಗಾಕ ಒಂದು ಜಾಗ ಇಲ್ರಿ ಸರ್. ಮುಂಜಾನಿ ಮನಿ ಬಿಟ್ಟಾಕಿ ತಿರುಗಿ ಮನಿ ಮುಟ್ಟೋತನ ನೀರ ಕುಡಿಯಂಗಿಲ್ಲ ನಾನು. ಉರಿ ಹತ್ತೇತಿ. ಡಾಕ್ಟರು ನೀರು ಕುಡಿ ಅಂತ ಬೈತಾರ.”

ಜಾಗ ನಮ್ಮದು, ಕಟ್ಟಡ ಕಂಪನಿಯದು, ಗೋಡೆಯ ಜಾಹೀರಾತೂ ಕಂಪನಿಯದು ಅಂತ ಒಪ್ಪಂದವಾಯಿತು. ಕಟ್ಟಡ ಬೇಗನೇ ಎದ್ದಿತು. ನಾಲ್ಕೂ ಗೋಡೆಗೆ ಮಿಠಾಯಿ ಅಂಗಡಿಯೊಂದರ ಮೈಸೂರುಪಾಕು. ‘ಶೌಚಾಲಯ’ ಅಂತ ಬೋರ್ಡು ಏರಿಸುತ್ತಿದ್ದಂತೆ ಅಂಗಡಿಯ ಸಾಹುಕಾರರು ಏದುಸಿರು ಬಿಡುತ್ತ ಬಂದರು.

“ಏನ್ರಿ, ಮೈಸೂರುಪಾಕಿನ ಮ್ಯಾಲ ಶೌಚಾಲಯ ಅಂತ ಬರೀತೀರಾ? ಬುದ್ಧಿ ಐತಿಲ್ಲ?”

ಮಾತು ನ್ಯಾಯವಾದದ್ದೇ. ಬೋರ್ಡು ಇಳಿಸಿದೆವು. ಮರುದಿನದಿಂದ ಜನ ಬಾಗಿಲು ಬಡಿಯತೊಡಗಿದರು: “ಅರ್ಧ ಕೇಜಿ ಕಟ್ಟರಿ.”

೨. ಬೀಗದಕೈ

ಪಾಲುದಾರರು ಇಬ್ಬರಾದ್ದರಿಂದ ಬಾಗಿಲಿಗೆ ಬೀಗವೂ ಎರಡು. ಎರಡೂ ತೆಗೆದರೇ ಬಾಗಿಲು. ಸರ್ಕಾರದ ಬೀಗದಕೈ ನನ್ನ ಡ್ರಾಯರಿನಲ್ಲಿ. ಕಂಪನಿಯದು ಸಿರುಗುಪ್ಪದಲ್ಲಿದ್ದ ಅವರ ಸೂಪರ್‌ವೈಸರ್ ಸೊಂಟದಲ್ಲಿ, ಯಾಕೆಂದರೆ ಅಲ್ಲಿಯೂ ಇಂಥದೇ ಒಂದು ಕಟ್ಟಡ ಕಾಯುತ್ತಿದ್ದ.

ಒಂದು ಸಂಜೆ ಅರ್ಜಿ ಕೊಟ್ಟಿದ್ದ ಆಕೆ ಬಂದಳು. ನಾನು ಫೋನು ಮಾಡಿದೆ.

“ಬಸ್ಸು ಈಗರ ಹೋತು ಸರ್, ಮುಂದಿನ ಬಸ್ಸಿಗೆ ಬರ್ತೀನ್ರಿ,” ಅಂದ ಆ ಪುಣ್ಯಾತ್ಮ.

“ಎರಡು ತಾಸು ತಡಕೋ ತಂಗಿ,” ಅಂದೆ ನಾನು. ಎಂಥ ಮಾತು ನೋಡಿ!

“ಅಷ್ಟೊತ್ತಿಗೆ ನಾ ಕುರುಗೋಡು ಮುಟ್ಟಿ, ಮನ್ಯಾಗ ಹೋಗಿಬಂದು, ಅಡಿಗಿನೂ ಮಾಡಿರ್ತೀನ್ರಿ. ಆ ಸೂಪರ್‌ವೈಸರ್ ಬಂದ್ರ ಅವರನ್ನ ಒಳಗ ಕಳಸ್ರಿ. ಸಿರುಗುಪ್ಪದಿಂದ ಬಸ್ಸಿನ್ಯಾಗ ಕುಂತು ಬಂದಿರ್ತಾರ, ಪಾಪ, ಅವಸರ ಇರ್ತೈತಿ.”

೩. ಒಂದು ಮೊಳ

ಬೀಗ ತೆಗೆಸಲು ನಾನು ಬರೆದ ಟಿಪ್ಪಣಿ ಅಲ್ಲಿ ಇಲ್ಲಿ ಅಲೆದು ಕೊನೆಗೂ ಗೆದ್ದಿತು. ಬಾಗಿಲು ತೆರೆದು ನೋಡಿದರೆ ಒಳಗೆ ನೀರಿಲ್ಲ. ರಸ್ತೆಯಿಂದ ಬಂದ ನಮ್ಮ ಪೈಪು, ಗೋಡೆಯಿಂದ ಹೊರಟ ಅವರ ಪೈಪು, ನಡುವೆ ಒಂದು ಮೊಳ ಖಾಲಿ. ನೀರಿಲ್ಲದ್ದನ್ನು ತೆರೆದಿಡಬಾರದು ಅಂತ ಇಬ್ಬರೂ ಮತ್ತೆ ಬೀಗ ಜಡಿದರು. ಒಮ್ಮತ ಅಂದರೆ ಅದು!

ಸಭೆ ಕೂಡಿತು. ತಿನ್ನಲು ಮಂಡಕ್ಕಿಯ ಒಗ್ಗರಣಿ-ಮಿರ್ಚಿ ಬಂತು. ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

“ನಮ್ಮದು ರಸ್ತಿತನಕ,” ಅಂದರು ನಮ್ಮ ಇಂಜಿನಿಯರ್.

“ನಮ್ಮದು ಗ್ವಾಡಿತನಕ,” ಅಂದರು ಕಂಪನಿಯವರು.

ಆ ಮೊಳ ಯಾರದೆಂದು ತಿಳಿಯಲು ಸಲಹೆಗಾರರೊಬ್ಬರನ್ನು ನೇಮಿಸಿದೆವು. ಅವರು ಬಂದರು, ಅಳೆದರು, ದಪ್ಪ ವರದಿ ಕೊಟ್ಟರು. ಸಾರಾಂಶ ಇಷ್ಟೇ: ಅಂತರ ಒಂದು ಮೊಳ ಇದೆ.

ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಆಕೆ, “ಸರ್, ನಾವ ಹೆಣ್ಣಮಕ್ಕಳು ಪಟ್ಟಿ ಹಾಕಿ ರೊಕ್ಕ ಎತ್ತಿ ಒಂದು ಪೈಪಿನ ತುಂಡು ತಂದು ಕೂಡಿಸೋಣೇನ್ರಿ?” ಅಂದಳು.

ಇಂಜಿನಿಯರ್ ಮಿರ್ಚಿ ಕೆಳಗಿಟ್ಟರು. “ಹಂಗೇನರ ಮಾಡೀಯವ್ವ! ನೀವು ಮೂರನೇ ಪಾಲುದಾರರಾಗ್ತೀರಿ. ಒಪ್ಪಂದ ಮೊದಲಿಂದ ಬರೀಬೇಕಾಗ್ತೈತಿ. ಬೀಗನೂ ಮೂರಾಗ್ತಾವ.”

೪. ಮೊದಲ ಲೋಟ

ಅಷ್ಟರಲ್ಲಿ ನಾನು ನಿವೃತ್ತನಾದೆ. ಆಕೆಯನ್ನು ಒಮ್ಮೆ ಆಸ್ಪತ್ರೆಯ ಮುಂದೆ ಕಂಡೆ. ಉರಿ ಹೋಗಿ ಈಗ ಕಿಡ್ನಿಯಲ್ಲಿ ಕಲ್ಲಾಗಿದೆಯಂತೆ. “ಕಟ್ಟಡಕ್ಕ ಅಡಿಗಲ್ಲು ಬೇಕಾದ್ರ ಹೇಳ್ರಿ, ನನ್ನ ಹತ್ರ ಐತಿ,” ಅಂತ ನಕ್ಕಳು. ನನಗೆ ನಗಲಾಗಲಿಲ್ಲ.

ಅತ್ತ ಕಂಪನಿ ಸಮೀಕ್ಷೆ ಮಾಡಿತು. ಇಷ್ಟು ದಿನದಲ್ಲಿ ಶೌಚಾಲಯವನ್ನು ಬಳಸಿದವರು ಒಬ್ಬರೂ ಇಲ್ಲ, ಆದ್ದರಿಂದ ಬೇಡಿಕೆಯೇ ಇಲ್ಲ! ಕಟ್ಟಡವನ್ನು ಬೇರೆ ಜನೋಪಯೋಗಕ್ಕೆ ಬಳಸಬಹುದು ಅಂತ ಇಬ್ಬರೂ ಸಹಿ ಹಾಕಿದರು. ಆ ಒಂದು ಮೊಳ ಪೈಪು ಅರ್ಧ ದಿನದಲ್ಲಿ ಕೂಡಿತು. ಉದ್ಘಾಟನೆಗೆ ಹಳಬನೆಂದು ನನ್ನನ್ನೂ ಕರೆದು ಶಾಲು ಹೊದಿಸಿದರು.

ನೋಡಿದರೆ, ಉಚಿತ ತಣ್ಣೀರಿನ ಕೇಂದ್ರ.

ಮೊದಲ ಅರ್ಜಿದಾರಳೆಂದು ಮೊದಲ ಲೋಟ ಆಕೆಗೇ. “ಅಕ್ಕಾರ, ಈ ಕಡಿ ನೋಡಿ ಕುಡೀರಿ,” ಅಂದ ಫೋಟೋದವನು.

ಆಕೆ ಲೋಟ ಹಿಡಿದು ವೇದಿಕೆಯತ್ತ ತಿರುಗಿದಳು. “ಕುಡಿತೀನ್ರಿ. ಆಮ್ಯಾಲ ಎಲ್ಲಿಗೆ ಹೋಗ್ಲಿ?”

ಕಂಪನಿಯವರು ಮೈಕಿಗೆ ಬಾಯಿಟ್ಟರು. “ಅದು ಎರಡನೇ ಹಂತದಾಗ ಐತ್ರಿ!”

ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದ್ದ ನಾನೂ ತಟ್ಟಿದೆ, ಕೈ ರೂಢಿ. ಆಕೆ ಅದನ್ನು ನೋಡಿದಳು. ನಿಧಾನ ಬಂದು ಲೋಟ ನನ್ನ ಕೈಗಿಟ್ಟಳು.

“ನೀವ ಕುಡೀರಿ ಸರ್. ನಿಮ್ಮ ಮನಿ ಇಲ್ಲೇ ಹತ್ರ ಐತಿ.”