ಬಡ್ತಿ ಬೇಡವೆಂದದ್ದಕ್ಕೆ ಕಾರಣ

ಕೆಲವರ ಮನೆಬಾಗಿಲಿಗೆ ಅದೃಷ್ಟ ಬರುತ್ತದಂತೆ. ನನ್ನ ಬಾಗಿಲಿಗೆ ಬರುವುದು ಬಡ್ತಿ. ಎರಡು ಸಲ ಬೇಡವೆಂದು ಬರೆದುಕೊಟ್ಟರೂ ಮೂರನೇ ಸಲ ಬಂತು. ಬೇಡವೆಂದವನ ಬೆನ್ನಿಗೇ ಇಂಥವು ಬೀಳುವುದು.

ನಾನು ಮುಳಬಾಗಿಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಐದೂವರೆಗೆ ಫೈಲು ಕಟ್ಟಿದರೆ ಆರು ಗಂಟೆಗೆ ಕುರುಡುಮಲೆಯಲ್ಲಿರುತ್ತೇನೆ. ಅಲ್ಲೊಂದು ಮಂಟಪದ ಚಪ್ಪಡಿಯ ಮೇಲೆ ಯಾವ ಕಾಲದವರೋ ಆಡು-ಹುಲಿ ಆಟದ ಮನೆ ಕೆತ್ತಿಟ್ಟಿದ್ದಾರೆ. ನಾಲ್ಕು ಜನ ಗೆಳೆಯರು, ಒಂದು ಹಿಡಿ ಕಲ್ಲು. ಆ ಒಂದು ಗಂಟೆಗೋಸ್ಕರ ಉಳಿದ ಇಪ್ಪತ್ತಮೂರು ಗಂಟೆ ಬದುಕುತ್ತೇನೆ. ಸೂಪರಿಂಟೆಂಡೆಂಟ್ ಆದವರು ಎಂಟಕ್ಕೆ ಮೊದಲು ಕುರ್ಚಿ ಬಿಟ್ಟೆದ್ದದ್ದನ್ನು ನಾನು ನೋಡಿಲ್ಲ.

೧. ಕೇಸರಿಬಾತು

ಆದೇಶ ಬಂದ ದಿನ ಹೆಂಡತಿ ಕೇಸರಿಬಾತು ಮಾಡಿದಳು. ಈ ಸಲವೂ ಬೇಡವೆನ್ನುತ್ತೇನೆ ಎಂದೆ. ವಾರದೊಳಗೆ ತಕ್ಕ ಕಾರಣ ಬರೆದುಕೊಡದಿದ್ದರೆ ಒಪ್ಪುವುದಿಲ್ಲ ಎಂದು ಮೇಲಿನವರು ಹೇಳಿದ್ದರು.

"ಏನ್ ಕಾರಣ ಬರೀತೀರಿ?"

"ಆಟಕ್ಕೆ ಹೊತ್ತಾಗುತ್ತೆ ಅಂತ."

ಅವಳು ನನ್ನ ಮುಂದಿದ್ದ ತಟ್ಟೆ ಎತ್ತಿಕೊಂಡು ಪಕ್ಕದ ಮನೆಗೆ ಹೊರಟಳು. "ಅವರ ಯಜಮಾನ್ರು ಹೋದ ವರ್ಷವೇ ಮ್ಯಾನೇಜರ್ ಆದ್ರು. ಅವರಾದ್ರೂ ತಿನ್ಲಿ."

೨. ಬೀಗ ಹಾಕಿದ ಕೋಣೆ

ನನಗೆ ಕೊಡಲಿದ್ದ ಕೋಣೆ ವರಾಂಡದ ಕೊನೆಗಿದೆ. ಹಿಂದಿನ ಸೂಪರಿಂಟೆಂಡೆಂಟ್ ನಿವೃತ್ತರಾಗಿ ಎಂಟು ತಿಂಗಳಾಗಿತ್ತು, ಅಂದಿನಿಂದ ಬಾಗಿಲಿಗೆ ಬೀಗ. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನುಗಳೆಲ್ಲ ನಿಂತಾಗ, ಒಳಗಿನಿಂದ ಠಪ್, ಠಪ್ ಎಂದು ಸೀಲು ಒತ್ತುವ ಸದ್ದು ಕೇಳಿತು. ಆಮೇಲೆ ಕುರ್ಚಿ ಕಿರ್ರೆಂದಿತು. ಆಮೇಲೆ ಯಾರೋ ಕೆಮ್ಮಿದರು.

ಅಟೆಂಡರ್ ತಲೆ ಎತ್ತದೆ ಹೇಳಿದ, "ದೆಯ್ಯಂ ಸಾರ್. ದೆವ್ವ. ದಿನಾ ಮೂರಕ್ಕೆ ಬರ್ತದೆ."

"ನೀನು ನೋಡಿದ್ದೀಯೇನಪ್ಪ?"

"ಟೀ ಕೊಟ್ಟು ಬರ್ತೀನಲ್ಲ ಸಾರ್. ಸಕ್ಕರೆ ಕಮ್ಮಿ."

೩. ಒಳಗೆ ಇದ್ದವರು

ಬೀಗ ಮುಂದಿನ ಬಾಗಿಲಿಗೆ ಮಾತ್ರ. ಹಿಂದಿನಿಂದ ಹೋದೆ. ಕಿಟಕಿ ಮುಚ್ಚಿದ ಕತ್ತಲಲ್ಲಿ ಬಿಳಿ ಅಂಗಿಯೊಂದು ಬಗ್ಗಿ ಕೂತಿತ್ತು. ಮೊದಲು ಪಾದ ನೋಡಿದೆ, ಮುಂದಕ್ಕೇ ಇದ್ದವು. ಹಳೇ ಸಾಹೇಬರು! ರದ್ದಿ ಕಾಗದಗಳಿಗೆ ಒಂದೊಂದಾಗಿ ಸೀಲು ಹಾಕುತ್ತಿದ್ದರು.

"ಮನೇಲಿ ಕೂತ್ರೆ ಏನ್ ಮಾಡ್ಬೇಕೋ ತಿಳಿಯಲ್ಲ ಕಣಪ್ಪ. ಬೇರೆ ಏನೂ ಕಲೀಲೇ ಇಲ್ಲ."

ಮೇಜಿನ ಮೇಲೆ ನನ್ನ ಹೆಸರಿನ ಹೊಸ ಫಲಕವಿತ್ತು. "ನಿಂದೇ. ಒರೆಸಿಟ್ಟಿದ್ದೀನಿ," ಎಂದರು. ದೆವ್ವದ ಭಯ ಹೋಯಿತು, ಅದಕ್ಕಿಂತ ದೊಡ್ಡ ಭಯ ಆಗ ಹುಟ್ಟಿತು.

ಆ ಸಂಜೆ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಂಟಪಕ್ಕೆ ಹೋದೆ. ಹಿರಿಯರೆಂದು ಹುಲಿಗಳನ್ನು ಅವರಿಗೇ ಕೊಟ್ಟೆವು. ಅರ್ಧ ಗಂಟೆ ಕಲ್ಲನ್ನೇ ನೋಡಿ ಕೇಳಿದರು, "ಈ ಆಡನ್ನ ತಿನ್ನೋಕೆ ಯಾರ ಅನುಮತಿ ಬೇಕು?"

೪. ಶಿಫಾರಸು

ಗಡುವಿನ ಕೊನೇ ದಿನ ಅರ್ಜಿ ಬರೆದೆ. "ಕಾರಣ: ಸದರಿ ಕೋಣೆಯಲ್ಲಿ ಆಗಲೇ ಒಬ್ಬರು ಇದ್ದಾರೆ." ಹಳೇ ಸಾಹೇಬರು ಅದನ್ನು ಕಿತ್ತುಕೊಂಡು ಓದಿ, ಆ ಸಾಲು ಹೊಡೆದುಹಾಕಿ, ಕೆಂಪು ಇಂಕಿನಲ್ಲಿ ಬರೆದರು: "ಅರ್ಜಿದಾರರಿಗೆ ಸಂಜೆ ಕೆಲಸವಿದೆ. ಶಿಫಾರಸು ಮಾಡಿದೆ." ಕೆಳಗೆ ಸಹಿ, ಸೀಲು.

ಹತ್ತು ದಿನಕ್ಕೆ ಅರ್ಜಿ ಮಂಜೂರಾಗಿ ಬಂತು. ಸಹಿ ಮಾಡಿದವರು ನಿವೃತ್ತರೆಂದು ಮೇಲೆ ಯಾರಿಗೂ ಹೊಳೆದಿರಲಿಲ್ಲ. ಜೊತೆಗೆ ಸಾಹೇಬರ ಹೆಸರಿಗೇ ಒಂದು ನೋಟಿಸು: ತಾವು ಇತ್ತೀಚೆಗೆ ಐದೂವರೆಗೇ ಕಚೇರಿ ಬಿಡುತ್ತಿರುವುದು ಗಮನಕ್ಕೆ ಬಂದಿದೆ, ವಿವರಣೆ ನೀಡತಕ್ಕದ್ದು.

ನೋಟಿಸು ಅವರ ಕೈಗಿಟ್ಟು, "ಉತ್ತರ ಬರೀಬೇಕಲ್ಲ ಸಾರ್," ಎಂದೆ.

ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ನನಗಿಂತ ಮೊದಲೇ ಸ್ಕೂಟರಿನ ಹತ್ತಿರ ಹೋದರು. "ನಾಳೆ ನೋಡೋಣ ಬಾರಪ್ಪ. ಆಟಕ್ಕೆ ಹೊತ್ತಾಗುತ್ತೆ."