ಕ್ಯಾಶ್ ಕೌಂಟರಿನ ಮೈಕಿಗೆ, ಹೆಲ್ಮಿಯ ಕಡೆಯವರಿಂದ

ಇವರಿಗೆ,
ಶ್ರೀಯುತ ಮೈಕು ಮಹಾಶಯರು,
ಕ್ಯಾಶ್ ಕೌಂಟರಿನ ಗಾಜಿನ ಹಿಂದೆ, ಪ್ಲಾಸ್ಟಿಕ್ ಹೂಕುಂಡದ ಪಕ್ಕ,
ಹೆಸರು ಬರೆದರೆ ಮುಂದಿನ ಸಲ ನಮ್ಮನ್ನು ಒಳಗೆ ಬಿಡಲಾರದ ಒಂದು ಖಾಸಗಿ ಆಸ್ಪತ್ರೆ,
ಮೈಸೂರು.

ವಿಷಯ: ಹೊಟ್ಟೆನೋವೆಂದು ಬಂದವರು ಮೊದಲು ತಮ್ಮ ಕಡೆಯವರನ್ನು ಹಾಜರುಪಡಿಸಬೇಕೆಂಬ ತಮ್ಮ ಆಜ್ಞೆಯ ಕುರಿತು.

ಮಾನ್ಯರೇ,

ತಮ್ಮ ಗಂಟಲು ಆರೋಗ್ಯವಾಗಿದೆಯೆಂದು ಭಾವಿಸಿ, ಅದರ ದೀರ್ಘಾಯುಷ್ಯಕ್ಕಾಗಿ ಹಾರೈಸುತ್ತಾ, ಸಿದ್ಧಾರ್ಥನಗರದ ನಿವಾಸಿಯಾದ ಚಾಮುಂಡಮ್ಮ ಎಂಬ ನಾನು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು, ಸಾರ್ವಜನಿಕರ ದೂರುಗಳನ್ನೂ ಅವಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರಗಳನ್ನೂ ಒಂದೇ ಯಂತ್ರದಲ್ಲಿ ಬಡಿದು ನಿವೃತ್ತಳಾದ ನನಗೆ, ನನ್ನದೇ ಒಂದು ದೂರು ಬರೆಯುವ ಭಾಗ್ಯ ಈಗಷ್ಟೇ ಒದಗಿದೆ. ಆ ಭಾಗ್ಯವನ್ನು ಕರುಣಿಸಿದ ತಮಗೆ ಮೊದಲು ವಂದನೆಗಳು.

ಈ ಅರ್ಜಿ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿರುವ ಹೆಲ್ಮಿ ಎಂಬ ಹುಡುಗಿಯ ಪರವಾಗಿ. ಫಿನ್‌ಲೆಂಡ್ ದೇಶದವಳು, ನಮ್ಮೂರ ಹೆಬ್ಬಾಳದ ಕಾರ್ಖಾನೆಯೊಂದು ಅವರ ದೇಶದಿಂದ ತರಿಸಿಕೊಂಡ ಯಂತ್ರವನ್ನು ಕೂರಿಸಿ, ಅದನ್ನು ನಡೆಸುವುದನ್ನು ಇಲ್ಲಿನವರಿಗೆ ಕಲಿಸಲು ಬಂದಿರುವ ಇಂಜಿನಿಯರು. ಅವಳ ದೇಶದಲ್ಲಿ ಜನ ಕಡಿಮೆ, ಮಾತು ಇನ್ನೂ ಕಡಿಮೆಯಂತೆ. ಪಕ್ಕದ ಮನೆಯವರು ಬಾಗಿಲು ತೆರೆದ ಸದ್ದು ಕೇಳಿದರೆ, ಎದುರಾಗಿ ಅವರಿಗೆ ತೊಂದರೆ ಕೊಡುವುದೇಕೆಂದು ತಾನು ಒಳಗೇ ನಿಂತಿದ್ದು, ಅವರು ಹೋದ ಮೇಲೆ ಹೊರಡುವುದು ಅಲ್ಲಿಯ ಮರ್ಯಾದೆಯಂತೆ. ಈ ಮರ್ಯಾದೆಯನ್ನು ಅವಳು ನಮ್ಮ ಮನೆಯಲ್ಲೂ ಪಾಲಿಸುತ್ತಿದ್ದಾಳೆಂದು ನನಗೆ ತಿಳಿದದ್ದು, ನಾನು ರಂಗೋಲಿ ಹಾಕಿ ಮುಗಿಸುವವರೆಗೂ ಅವಳು ಮೆಟ್ಟಿಲ ತಿರುವಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದನ್ನು ಒಂದು ಬೆಳಿಗ್ಗೆ ಕಂಡಾಗ. ಅಂದು ಅವಳಿಗೆ ಕಾರ್ಖಾನೆಯ ಬಸ್ಸು ತಪ್ಪಿತು.

ಇಂಥವಳಿಗೆ ನಮ್ಮ ಊರಿನಲ್ಲಿ ಮೊದಲು ಬಂದ ಕಷ್ಟ ದುಡ್ಡಿನದು. ದುಡ್ಡು ಇಲ್ಲದ ಕಷ್ಟವಲ್ಲ, ಕೈತುಂಬ ಇದ್ದೂ ಖರ್ಚು ಮಾಡಲಾಗದ ಕಷ್ಟ. ಎಟಿಎಂ ಕೊಡುವುದು ಐನೂರರ ನೋಟು. ತಳ್ಳುಗಾಡಿಯ ಮಹದೇವು ಕೊಡುವುದು ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟು. ಚಿಲ್ಲರೆ ಅವನಲ್ಲಿಲ್ಲ, ಇರಬೇಕಾದ ಅಗತ್ಯವೂ ಈಗ ಅವನಿಗಿಲ್ಲ. ಸ್ಕ್ಯಾನ್ ಮಾಡಿ ಮೇಡಂ ಎನ್ನುತ್ತಾನೆ. ಸ್ಕ್ಯಾನ್ ಮಾಡಲು ಇಲ್ಲಿನ ಬ್ಯಾಂಕ್ ಖಾತೆ ಬೇಕು, ಖಾತೆಗೆ ಇಲ್ಲಿನ ಮೊಬೈಲ್ ನಂಬರು ಬೇಕು, ನಂಬರಿಗೆ ಇಲ್ಲಿನ ವಿಳಾಸದ ದಾಖಲೆ ಬೇಕು, ವಿಳಾಸದ ದಾಖಲೆಗೆ ಪೊಲೀಸರ ಬಳಿ ನೋಂದಣಿಯಾಗಬೇಕು, ಅಲ್ಲಿಗೆ ಹೋದರೆ ಮೊದಲು ಮೊಬೈಲ್ ನಂಬರು ಹೇಳಿ ಎನ್ನುತ್ತಾರೆ. ನಮ್ಮ ಕಚೇರಿಯ ಕಾಲದಲ್ಲಿ ಅರ್ಜಿದಾರರನ್ನು ಅಲೆಸಲು ನಾವು ಮೂರು ಮೇಜುಗಳನ್ನು ಬಳಸುತ್ತಿದ್ದೆವು. ಅದನ್ನೇ ಕುರ್ಚಿ ಮೇಜುಗಳ ಖರ್ಚಿಲ್ಲದೆ ಮಾಡುವುದನ್ನು ಈಗಿನವರು ಕಲಿತಿರುವುದು ಕಂಡು ನನಗೆ ಹೆಮ್ಮೆಯೇ ಆಯಿತು. ಪಾಪ, ಮಹದೇವು ಕೊತ್ತಂಬರಿಯನ್ನು ಸುಮ್ಮನೆ ತಗಳಿ ಎಂದು ಕೊಡಹೋದರೆ, ಹುಡುಗಿ ಹೆದರಿ ಬರಿಗೈಯಲ್ಲಿ ಮನೆಗೆ ಬಂದಳು. ಆಮೇಲೆ ಅವಳ ಸಾಮಾನಿಗೆಲ್ಲ ನನ್ನ ಫೋನಿನಿಂದಲೇ ಹಣ ಹೋಗತೊಡಗಿತು, ಅಂದಂದೇ ಸಂಜೆ ಅಷ್ಟೂ ನೋಟುಗಳು ಲಕೋಟೆಯಲ್ಲಿ ನಮ್ಮ ಬಾಗಿಲ ಸಂದಿಯಿಂದ ಒಳಗೆ ಬರತೊಡಗಿದವು. ಬಾಗಿಲು ತಟ್ಟಿ ಕೈಗೆ ಕೊಡು ತಾಯಿ, ಒಂದು ಲೋಟ ಕಾಫಿಯಾದರೂ ಕುಡಿದು ಹೋಗು ಎಂದು ಎಷ್ಟು ಹೇಳಿದರೂ ತಟ್ಟಲಿಲ್ಲ.

ಹೀಗಿರುವಾಗ ಅವಳಿಗೆ ಹೊಟ್ಟೆನೋವು ಬಂತು. ಮಾನ್ಯರಿಗೆ ತಿಳಿದಿರುವಂತೆ ಮೈಸೂರಿನಲ್ಲಿ ಹೊಟ್ಟೆನೋವು ಎಂಬ ಕಾಯಿಲೆಯೇ ಇಲ್ಲ; ಇರುವುದು ಗ್ಯಾಸು ಮಾತ್ರ. ಮೆಡಿಕಲ್ ಶಾಪಿನಲ್ಲಿ ಅವಳು ಮಾತ್ರೆ ಕೇಳಿದಾಗ ಅಂಗಡಿಯವನು ಗ್ಯಾಸು ಎಂದ, ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದ ಹಿರಿಯರು ಗ್ಯಾಸೇ ಎಂದು ಅನುಮೋದಿಸಿದರು, ಸ್ಕೂಟರ್ ಇಳಿಯದೆಯೇ ಒಬ್ಬರು ಓಮಿನ ಕಾಳು ಜಗಿಯಲು ಹೇಳಿದರು. ಮೆಟ್ಟಿಲ ಮೇಲೆ ಸೊಂಟ ಬಗ್ಗಿಸಿ ನಿಂತವಳನ್ನು ಕಂಡು ನಾನೂ ಅದನ್ನೇ ಹೇಳಿ ಇಂಗು ಹಾಕಿದ ಮಜ್ಜಿಗೆ ಕೊಟ್ಟೆ. ಅವಳು ಕುಡಿದು ಲೋಟ ತೊಳೆದು ಕಿಟಕಿಯಲ್ಲಿಟ್ಟು ಹೋದಳು. ಮರುದಿನ ನೋವು ತಡೆಯಲಾಗದಾಗ, ಕೆಳಗಿನ ಮನೆಯವರಿಗೆ ತೊಂದರೆ ಬೇಡವೆಂದು ಚಪ್ಪಲಿ ಸದ್ದಾಗದಂತೆ ಇಳಿದು, ಒಬ್ಬಳೇ ಆಟೋ ಹಿಡಿದು ತಮ್ಮ ಸನ್ನಿಧಿಗೆ ಬಂದಳು.

ಅದೇ ಸಂಜೆ ನಾನೂ ತಮ್ಮ ಸನ್ನಿಧಿಯಲ್ಲಿದ್ದೆ. ರಾಜೀವನಗರದಲ್ಲಿರುವ ನಮ್ಮ ಭಾವ ಮರಿಯಯ್ಯನವರಿಗೆ ಹರ್ನಿಯಾ ಆಪರೇಷನ್ ಆಗಿ, ಅವರು ಮೇಲಿನ ವಾರ್ಡಿನಲ್ಲಿ ಆರಾಮವಾಗಿ ಮಲಗಿದ್ದರು, ನಾವೆಲ್ಲ ಅವರನ್ನು ನೋಡಿಕೊಳ್ಳುವುದಕ್ಕೆಂದು ಕೆಳಗಿನ ಹಾಲಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಅವರ ಮಗ ಯೋಗೇಂದ್ರ, ಸೊಸೆ ಸುಷ್ಮಿತಾ, ಸೊಸೆಯ ತವರಿನವರು, ಅವರನ್ನು ಬಿಡಲು ಬಂದವರು, ಬಿಡಲು ಬಂದು ಉಳಿದುಕೊಂಡವರು ಎಲ್ಲ ಸೇರಿ ಎರಡು ಸಾಲು ಕುರ್ಚಿ ನಮ್ಮದೇ ಆಗಿತ್ತು. ಆಗ ತಾವು ಬಾಯಿ ತೆರೆದು, ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ದನಿಯಲ್ಲಿ ಒಂದು ಪರದೇಶದ ಹೆಸರನ್ನು ಉಚ್ಚರಿಸಿ, ಅವರ ಕಡೆಯವರು ಯಾರಿದ್ದೀರಿ, ಕೂಡಲೇ ಕ್ಯಾಶ್ ಕೌಂಟರಿಗೆ ಬನ್ನಿ ಎಂದು ಅಪ್ಪಣೆ ಕೊಡಿಸಿದಿರಿ. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಎಮರ್ಜೆನ್ಸಿಯ ಬಾಗಿಲು ತೆರೆದು, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದು ಕೈಯಲ್ಲಿ ಡ್ರಿಪ್ಪಿನ ಕಂಬ ಹಿಡಿದು, ಬಗ್ಗಿಕೊಂಡೇ ನಡೆಯುತ್ತಾ ಪೇಷಂಟೇ ಬಂದಳು. ತನ್ನ ಹೆಸರು ಕೂಗಿದರಲ್ಲ, ತಾನು ಹೋಗಬೇಕು ಎಂಬುದು ಅವಳ ತಿಳಿವಳಿಕೆ. ಕೌಂಟರಿನ ಹುಡುಗಿ ನೀವಲ್ಲ, ನಿಮ್ಮ ಕಡೆಯವರು ಎಂದು ಕೈಸನ್ನೆ ಮಾಡಿ ವಾಪಸು ಕಳಿಸಿದಳು. ತಾವು ಪುನಃ ಕೂಗಿದಿರಿ. ಅವಳು ಪುನಃ ಬಂದಳು. ನನ್ನ ಬಾಯಿಯ ಚಿತ್ರಾನ್ನ ಬಾಯಲ್ಲೇ ಉಳಿಯಿತು, ಏಕೆಂದರೆ ಎರಡನೆಯ ಸಲ ಅವಳ ಮುಖ ನಮ್ಮ ಕಡೆಗಿತ್ತು, ಅದು ನಮ್ಮ ಹೆಲ್ಮಿಯ ಮುಖವಾಗಿತ್ತು.

ಮಾನ್ಯರೇ, ಇಲ್ಲಿ ತಮ್ಮನ್ನು ಹೊಗಳದೆ ಮುಂದೆ ಹೋಗಲಾರೆ. ಅಪೆಂಡಿಕ್ಸ್ ಊದಿಕೊಂಡಿದೆ, ಒಡೆಯುವ ಮೊದಲು ತೆಗೆಯಬೇಕು, ತಡಮಾಡಿದಷ್ಟೂ ಅಪಾಯ ಎಂದು ಡಾಕ್ಟರು ಹೇಳಿಯಾಗಿತ್ತು. ಅವಳ ಬಳಿ ಅವರ ದೇಶದ ಬ್ಯಾಂಕ್ ಕಾರ್ಡಿತ್ತು, ತಮ್ಮ ಪಕ್ಕದ ಯಂತ್ರ ಅದನ್ನು ಮೂಸಿ ನೋಡಿ ಉಗುಳಿತು. ವಿಮೆಯಿತ್ತು, ಅದರ ಹೆಸರು ತಮ್ಮ ಪಟ್ಟಿಯಲ್ಲಿರಲಿಲ್ಲ. ತಾನೇ ಸಹಿ ಹಾಕುತ್ತೇನೆಂದಳು, ಎಚ್ಚರವಾಗಿದ್ದಳು, ಓದಿದವಳು, ಒಂದು ಕಾರ್ಖಾನೆಯ ಯಂತ್ರಗಳೆಲ್ಲ ಅವಳ ಮಾತು ಕೇಳುತ್ತವೆ. ಆದರೂ ಅವಳ ಹೊಟ್ಟೆಗೆ ಅವಳ ಸಹಿ ಸಾಲಲಿಲ್ಲ. ಒಬ್ಬ ಮನುಷ್ಯನನ್ನು ಮನುಷ್ಯನೆಂದು ನಂಬಲು ಇನ್ನೊಬ್ಬನನ್ನು ತೋರಿಸಬೇಕೆಂಬ ಈ ಸೊಗಸಾದ ಪದ್ಧತಿ ತಮ್ಮದು. ಇದು ನೆನಪಾದಾಗ ಈಗಲೂ ನನಗೆ ಮೈ ಉರಿಯುತ್ತದೆ, ಅದನ್ನೂ ಗೌರವಪೂರ್ವಕವಾಗಿಯೇ ತಿಳಿಸುತ್ತಿದ್ದೇನೆ.

ಆದಕಾರಣ ತಾವು ದಯಮಾಡಿ, ಕ್ಯಾಶ್ ಕೌಂಟರಿನ ಪಕ್ಕ ಔಷಧಿ ಅಂಗಡಿ ಇರುವಂತೆಯೇ ಕಡೆಯವರ ಅಂಗಡಿಯೊಂದನ್ನು ತೆರೆಸಿ, ಫ್ಲಾಸ್ಕ್ ಹಿಡಿದ ಒಬ್ಬ ಮೈದುನ, ಡಾಕ್ಟರನ್ನೇ ಗದರಿಸಬಲ್ಲ ಒಬ್ಬ ಸೋದರಮಾವ, ಸುಮ್ಮನೆ ಅಳುವ ಒಬ್ಬ ದೊಡ್ಡಮ್ಮ, ಇಷ್ಟು ಜನರನ್ನಾದರೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಿಸಬೇಕು. ಅದಾಗದಿದ್ದರೆ, ವಿಮಾನದಿಂದ ಇಳಿದ ಪರದೇಶದವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವಾಗಲೇ ಒಬ್ಬ ಅತ್ತೆಯನ್ನೂ ಜೊತೆಗೆ ಕಳುಹಿಸುವಂತೆ ಮೇಲಿನವರಿಗೆ ಬರೆಯಬೇಕು. ಅತ್ತೆಯರ ಕೊರತೆ ನಮ್ಮಲ್ಲಿಲ್ಲ. ನಮ್ಮ ಬೀದಿಯಿಂದಲೇ ಮೂವರನ್ನು ತಕ್ಷಣ ಒದಗಿಸಬಲ್ಲೆ, ವಾಪಸು ಕೇಳುವುದಿಲ್ಲ.

ಆ ಸಂಜೆ ಮಾತ್ರ ಅಂಗಡಿ ಇನ್ನೂ ತೆರೆದಿರಲಿಲ್ಲವಾದ್ದರಿಂದ ನಾನೇ ಎದ್ದು ಹೋಗಿ, ನಾನು ಇವಳ ಕಡೆಯವಳು ಎಂದೆ. ಕೌಂಟರಿನ ಹುಡುಗಿ ಹಾಳೆ ಕೊಟ್ಟಳು. ಸಂಬಂಧ ಎಂಬಲ್ಲಿ ಮನೆ ಓನರ್ ಎಂದು ಬರೆದೆ. ಅದು ನಡೆಯುವುದಿಲ್ಲ, ರಕ್ತಸಂಬಂಧ ಬೇಕು ಎಂದಳು. ಸರ್ಕಾರಿ ನೌಕರಿಯಲ್ಲಿ ಒಂದು ಅಕ್ಷರವನ್ನೂ ಸುಳ್ಳು ಟೈಪ್ ಮಾಡದ ನಾನು, ಅದನ್ನು ಹೊಡೆದುಹಾಕಿ ಚಿಕ್ಕಮ್ಮ ಎಂದು ಬರೆದೆ. ಆ ಹುಡುಗಿ ಹೆಲ್ಮಿಯ ಬೆಳ್ಳಗಿನ ಕೂದಲನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿದಳು. ತಾಲ್ಲೂಕು ಕಚೇರಿಯಲ್ಲಿ ಕಲಿತ ನೋಟವೊಂದು ನನ್ನಲ್ಲೂ ಇದೆ, ಅದನ್ನು ಕೊಟ್ಟೆ. ಹಾಳೆಗೆ ಸೀಲು ಬಿತ್ತು.

ಉಳಿದದ್ದು ಅಡ್ವಾನ್ಸು. ನನ್ನ ಫೋನು ಒಂದಿಷ್ಟು ಕಳಿಸಿ, ಇವತ್ತಿನ ಮಿತಿ ಮುಗಿಯಿತು ಎಂದು ಕೈ ಚೆಲ್ಲಿತು. ತಿರುಗಿ ನೋಡಿದರೆ ಯೋಗೇಂದ್ರ ಆಗಲೇ ಕೈ ಒರೆಸಿಕೊಂಡು ಫೋನ್ ತೆಗೆದಿದ್ದ. ಅವನ ಹಿಂದೆ ಸುಷ್ಮಿತಾ, ಅವಳ ಹಿಂದೆ ಅವಳ ತವರಿನವರು, ಯಾರು ಏನು ಎಂದು ಒಂದು ಮಾತೂ ಕೇಳದೆ, ಅನ್ನಸಂತರ್ಪಣೆಯ ಸಾಲಿನಂತೆ ಒಬ್ಬರಾದ ಮೇಲೊಬ್ಬರು ಬಂದು ತಮ್ಮ ಗಾಜಿಗೆ ಅಂಟಿಸಿದ ಚೌಕಕ್ಕೆ ಫೋನ್ ತೋರಿಸಿ ಹೋದರು. ಕೇಳುವುದನ್ನೆಲ್ಲ ಆಮೇಲೆ ಕೇಳಿದರು, ಅದೂ ಹೆಲ್ಮಿಯನ್ನೇ, ಸ್ಟ್ರೆಚರಿನ ಪಕ್ಕದಲ್ಲಿ ಆಪರೇಷನ್ ಥಿಯೇಟರಿನ ಬಾಗಿಲವರೆಗೂ ನಡೆಯುತ್ತಾ: ಮದುವೆಯಾಗಿದೆಯೇ, ಸಂಬಳವೆಷ್ಟು, ಅಲ್ಲಿ ಅಕ್ಕಿ ಸಿಗುತ್ತದೆಯೇ. ಥಿಯೇಟರಿನ ಬಾಗಿಲು ಮುಚ್ಚುವ ಮೊದಲು ಆ ಹುಡುಗಿ ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ನರ್ಸು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಇತ್ತ ಮರಿಯಯ್ಯನವರ ರಾತ್ರಿಯ ಊಟದ ವಿಷಯಕ್ಕೆ ತಾವು ಅವರ ಕಡೆಯವರನ್ನು ಕರೆದಿರಂತೆ, ಎರಡು ಸಲ. ಯಾರೂ ಬರಲಿಲ್ಲ, ಅವರ ಕಡೆಯವರೆಲ್ಲ ಫಿನ್‌ಲೆಂಡಿನ ಕಡೆಗೆ ಸೇರಿಬಿಟ್ಟಿದ್ದರು. ಕೊನೆಗೆ ನಾನು ಓಡಿಹೋಗಿ ಕ್ಷಮೆ ಕೇಳಿದಾಗ ಭಾವ ಗೋಡೆಯ ಕಡೆ ಮುಖ ಮಾಡಿಕೊಂಡೇ, “ನಂಗೇನಾಗಿದ್ದದು ಬುಡಮ್ಮ, ಆ ಮಗಿಗೆ ಯಾರವ್ರೆ ಇಲ್ಲಿ, ಅಲ್ಲೇ ಇರು ಓಗು” ಎಂದರು. ಅವರಿಗೆ ಸಿಟ್ಟೂ ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು, ಅದಕ್ಕೆ ತಮ್ಮ ಡಾಕ್ಟರಿಗೆ ನಿಜವಾದ ನಮಸ್ಕಾರ. ಮರುದಿನ ಹೆಲ್ಮಿ ನೋವಿನಲ್ಲೇ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದಳು. ಅವರ ಊರಿನ ಆಸ್ಪತ್ರೆಯಲ್ಲಿ ಯಾರ ಜೊತೆ ಬಂದೆ ಎಂದು ಯಾರೂ ಕೇಳುವುದಿಲ್ಲವಂತೆ, ಕೇಳದೆಯೇ ಎಲ್ಲವನ್ನೂ ಮಾಡುತ್ತಾರಂತೆ. ಅದು ಒಳ್ಳೆಯದು, ನೀವೂ ಹಾಗೆ ಮಾಡಬೇಕು ಎಂದಳು. ಆಮೇಲೆ ಹೇಳಿದಳು: “ಆದರೆ ನಿಮ್ಮ ಮೈಕು ಕೇಳಿದಾಗಲೇ ನನಗೆ ಗೊತ್ತಾಗಿದ್ದು, ಈ ಊರಿನಲ್ಲಿ ನಾನು ಸತ್ತರೆ ಹೇಳಲು ಒಂದು ಹೆಸರೂ ನನ್ನ ಬಳಿ ಇಲ್ಲ ಅಂತ.” ನಾನು ಚೀಲದಿಂದ ಬಾಚಣಿಗೆ ತೆಗೆದೆ. ಅವಳ ತಲೆ ಬಾಚಿದೆ.

ಡಿಸ್ಚಾರ್ಜಿನ ದಿನ ತಾವು ಅವಳ ಹೆಸರನ್ನು ಮತ್ತೊಮ್ಮೆ ಕರೆದಿರಿ. ಯೋಗೇಂದ್ರ ಬಿಲ್ಲಿಗೆ, ಸುಷ್ಮಿತಾ ಮಾತ್ರೆಗೆ, ತವರಿನವರು ಸುಮ್ಮನೆ, ಮಹದೇವು ಒಂದು ಚೀಲ ಎಳನೀರಿನೊಂದಿಗೆ, ಹೆಬ್ಬಾಳದಿಂದ ಶಿಫ್ಟ್ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ ಅವಳ ಕಾರ್ಖಾನೆಯವರು, ಎಲ್ಲರೂ ಒಟ್ಟಿಗೆ ಎದ್ದೆವು. ಗಾಜಿನ ಮುಂದೆ ಕತ್ತಲಾಯಿತು. ಆಗ ತಾವು ಗಂಟಲು ಸರಿಮಾಡಿಕೊಂಡು ಘೋಷಿಸಿದಿರಿ: “ಹೆಲ್ಮಿ ಕಡೆಯವರು ದಯವಿಟ್ಟು ಒಬ್ಬರೇ ಬನ್ನಿ.” ಗಾಲಿಕುರ್ಚಿಯಲ್ಲಿದ್ದ ಹುಡುಗಿ ಇದರ ಅರ್ಥವೇನೆಂದು ಕೇಳಿದಳು. ಹೇಳಿದೆ. ಹೊಲಿಗೆ ಎಳೆಯುತ್ತದೆ, ನಗಿಸಬೇಡಿ ಎಂದು ಹೊಟ್ಟೆ ಹಿಡಿದುಕೊಂಡಳು, ಕಣ್ಣೊರೆಸಿಕೊಂಡಿದ್ದು ನಗುವಿಗೋ ಏನಕ್ಕೋ ನಾನು ಕೇಳಲಿಲ್ಲ.

ಇನ್ನು ಮುಂದೆ ಒಬ್ಬರೇ ಬಂದವರನ್ನು ಮೊದಲು ಒಳಗೆ ಕರೆದುಕೊಂಡು, ಕಡೆಯವರನ್ನು ಆಮೇಲೆ ಹುಡುಕುವಂತೆ ತಮ್ಮನ್ನು ಕೈಮುಗಿದು ಕೇಳಿಕೊಳ್ಳುವ,

ತಮ್ಮ ವಿಶ್ವಾಸಿ,
ಚಾಮುಂಡಮ್ಮ
(ಸೀಲು ಬಿದ್ದಿರುವ ಚಿಕ್ಕಮ್ಮ), ಸಿದ್ಧಾರ್ಥನಗರ

ಮರೆತ ಮಾತು: ಹೆಲ್ಮಿಯ ವಿಮೆ ಕಂಪನಿ ಅವರ ದೇಶದಿಂದ ಬರೆದಿದೆ. ರೋಗಿ ಒಬ್ಬರಾಗಿರಲು ಹಣ ಕಟ್ಟಿದವರು ಇಷ್ಟೊಂದು ಮಂದಿ ಏಕೆ, ಅವರಿಗೂ ರೋಗಿಗೂ ಏನು ಸಂಬಂಧ ಎಂದು ವಿವರಣೆ ಕೇಳಿದೆ. ಅವಳು ಬಹಳ ಯೋಚಿಸಿ, ಇಂಗ್ಲಿಷ್ ಅಕ್ಷರದಲ್ಲಿ ‘ಕಡೆಯವರು’ ಎಂದಷ್ಟೇ ಬರೆದು ಕಳಿಸಿದ್ದಾಳೆ. ಆ ಪದದ ಅರ್ಥವನ್ನು ಸಂಬಂಧಪಟ್ಟ ಆಸ್ಪತ್ರೆಯೇ ದೃಢೀಕರಿಸಿಕೊಡಬೇಕೆಂದು ಕಂಪನಿ ತಿಳಿಸಿದೆ. ದಿನವಿಡೀ ಅದನ್ನು ಕೂಗುವವರು ತಾವೇ ಆದ್ದರಿಂದ ಕೂಡಲೇ ಬರೆದುಕೊಡಿ. ಆದರೆ ತಮ್ಮೊಬ್ಬರ ಸಹಿ ಸಾಲುವುದಿಲ್ಲ, ಬರುವಾಗ ತಮ್ಮ ಕಡೆಯವರು ಯಾರಾದರೂ ಇದ್ದರೆ ಕರೆತನ್ನಿ.