ಗಂಡ ಹೆಂಡಿರ ಯೋಗಕ್ಷೇಮ ಕೇಳಲು ಹೋಗಿ

ಗಂಡ ಹೆಂಡತಿಯನ್ನು ಜೊತೆಗೆ ಕೂರಿಸಿ ‘ಹೇಗಿದ್ದೀರಿ?’ ಎಂದರೆ ಅವರಿಗೆ ಮೊದಲು ಅನುಮಾನ ಬರುವುದು ಕೇಳಿದವನ ಮೇಲೆ. ನನಗಂತೂ ಊರೂರಲ್ಲೂ ಹೀಗೇ ಆಗಿದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕೋಲಾರದ ಸುತ್ತಮುತ್ತ ಮನೆಮನೆಗೆ ಹೋಗಿ, ದಂಪತಿಗಳ ಆರೋಗ್ಯ, ಹೊಂದಾಣಿಕೆ, ಹೊತ್ತು ಕಳೆಯುವ ರೀತಿ ಎಲ್ಲ ಕೇಳಿ ಫಾರಂ ತುಂಬುವುದು ನನ್ನ ಕೆಲಸವಾಗಿತ್ತು.

ಪೈಲ್ವಾನನ ಕಾಯಿಲೆಗಳು

ಟೇಕಲ್ ಸ್ಟೇಷನ್ನಿನಲ್ಲಿ ಇಳಿದು ಹತ್ತಿರದ ಹಳ್ಳಿಗೆ ಹೋದೆ. ಮೊದಲ ಮನೆಯ ಯಜಮಾನ ಬಾಗಿಲ ತುಂಬ ನಿಲ್ಲುವಂಥ ಆಳು. ‘ಆರೋಗ್ಯ ಹೇಗಿದೆ?’ ಎಂದೆ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಓಡಿಬಂದಳು. ನಾನು ಮಿಲಿಟರಿಗೆ ಜನ ಹಿಡಿಯಲು ಬಂದವನೆಂದು ಅವಳ ಗುಮಾನಿ.

‘ಎದೆನೋವು ಸ್ವಾಮಿ. ಒಂದು ಕಣ್ಣು ಮಂಜು. ನಾಲ್ಕು ಹೆಜ್ಜೆ ಇಟ್ರೆ ತಲೆ ಸುತ್ತುತ್ತೆ. ಮೈಯಲ್ಲಿ ರಕ್ತ ಅನ್ನೋದೇ ಇಲ್ಲ.’

ನಾನು ಬರೆದುಕೊಳ್ಳುತ್ತಾ ಹೋದೆ. ಗಂಡನ ಮುಖ ಬಿಳಿಚಿಕೊಂಡಿತು. ಮೆಲ್ಲಗೆ ಜಗಲಿಯ ಮೇಲೆ ಕೂತು ಎದೆ ಮುಟ್ಟಿ ನೋಡಿಕೊಂಡ.

‘ಇಷ್ಟೆಲ್ಲ ಇದ್ರೂ ನನಗ್ಯಾಕೆ ಹೇಳ್ಲಿಲ್ಲ ಕಣೇ?’

ನೋಡಿಕೊಳ್ಳುವ ಕೆಲಸ

ಹುತ್ತೂರಿನ ಕಡೆ ರೇಷ್ಮೆಹುಳ ಸಾಕುವ ಮನೆ. ‘ದಿನವೆಲ್ಲ ಏನು ಮಾಡ್ತೀರಿ?’ ಎಂದು ಗಂಡನನ್ನು ಕೇಳಿದೆ.

‘ಹುಳ ನೋಡ್ಕೋತೀನಿ. ಇವಳು ಸುಮ್ನೆ ಮನೇಲಿರ್ತಾಳೆ.’

ಹೆಂಡತಿಯನ್ನು ಕೇಳಿದೆ. ಹುಳಕ್ಕೆ ಸೊಪ್ಪು ತರುವುದು, ಹೆಚ್ಚುವುದು, ತಟ್ಟೆಗಳಿಗೆ ಹಾಕುವುದು, ಕಸ ತೆಗೆಯುವುದು, ನಡುವೆ ರಾಗಿ ಬೀಸಿ ಅಡುಗೆ. ಫಾರಮ್ಮಿನಲ್ಲಿ ಜಾಗ ಸಾಲಲಿಲ್ಲ.

‘ಹಾಗಾದರೆ ಇವರು ನೋಡ್ಕೊಳ್ಳೋದು ಸುಳ್ಳಾ?’

‘ಸುಳ್ಳಲ್ಲ ಸ್ವಾಮಿ. ನಾನು ಸೊಪ್ಪು ಹಾಕ್ತೀನಿ, ಅವ್ರು ಕೂತ್ಕೊಂಡು ನೋಡ್ತಾರೆ.’

ಗಂಡ ನನ್ನನ್ನು ದುರುಗುಟ್ಟಿ ನೋಡಿದ. ‘ಇದನ್ನ ಇವಳಿಗೆ ಹೇಳಿಕೊಟ್ಟಿದ್ದು ನೀವೇ ತಾನೆ?’

ಅಜ್ಜನ ಹಲ್ಲು

ಶ್ರೀನಿವಾಸಪುರದಾಚೆಯ ಒಂದು ಹಳ್ಳಿಯಲ್ಲಿ ಅರವತ್ತು ದಾಟಿದ ಅಜ್ಜ, ಅವನ ಹೆಂಡತಿ. ಅಜ್ಜಿಯನ್ನೇ ಕೇಳಿದೆ: ‘ಯಜಮಾನರ ಹಲ್ಲು ಗಟ್ಟಿಯಾಗಿದೆಯಾ? ನಿದ್ದೆ ಚೆನ್ನಾಗಿ ಮಾಡ್ತಾರಾ? ನಿಮ್ಮಿಬ್ಬರಿಗೂ ಹೊಂದಿಕೆ ಹೇಗೆ?’

ಕೊನೆಯ ಪ್ರಶ್ನೆಗೆ ಅಜ್ಜಿಯ ಮುಖ ಗಂಟಾಯಿತು. ನನಗೆ ತೆಲುಗು ಬಾರದೆಂದುಕೊಂಡು ಗಂಡನತ್ತ ತಿರುಗಿ, ‘ನೀಕು ಇಂಕೋ ಪೆಂಡ್ಲಿ ಚೇಸೇದಾನಿಕಿ ವಚ್ಚಿನಾಡು ವೀಡು’ ಎಂದಳು. ಅಜ್ಜನಿಗೆ ಇನ್ನೊಂದು ಮದುವೆ ಮಾಡಿಸಲು ಬಂದವನಂತೆ ನಾನು!

‘ಇಲ್ಲ ತಾಯಿ, ಇದು ಬರೀ ವಿಚಾರಣೆ…’

‘ಮದುವೆಗೆ ಮುಂಚೆ ವಿಚಾರಣೆನೇ ಮಾಡೋದು! ನಲವತ್ತು ವರ್ಷ ಮುದ್ದೆ ತೊಳಸಿ ಹಾಕಿದೀನಿ, ಈಗ ಸವತಿ ತರ್ತೀಯಾ?’

ಮುದ್ದೆ ಕೋಲು ಮೇಲೆದ್ದಿತು. ನಾನು ಫಾರಮ್ಮುಗಳನ್ನು ಎದೆಗವಚಿಕೊಂಡು ಓಟ ಕಿತ್ತೆ. ಕೆರೆ ಏರಿಯವರೆಗೂ ಅಜ್ಜ ಬೆನ್ನ ಹಿಂದೆಯೇ ಓಡಿಬಂದ. ಪಾಪ, ಹೆಂಡತಿಯ ಪರವಾಗಿ ಸಮಾಧಾನ ಹೇಳುತ್ತಾನೆಂದು ನಿಂತೆ. ಅಜ್ಜ ಏದುಸಿರು ಬಿಡುತ್ತಾ ಒಮ್ಮೆ ಮನೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ:

‘ಹುಡುಗಿ ಯಾವೂರು ಸ್ವಾಮಿ?’